ಮ್ವಾನ ಮತ್ತು ಮಾನವ: ನನ್ನ ಕಪ್ಪುಹಲಗೆಯ ಮೇಲಿನ ಒಂದು ತಪ್ಪು

ಅಭ್ಯಾಸ ಬೋಧನೆಯ ಮೂರನೆಯ ವಾರ, ಹತ್ತನೇ ತರಗತಿ, ಮಧ್ಯಾಹ್ನದ ಕೊನೆಯ ಅವಧಿ. ನಾನು ಕಪ್ಪುಹಲಗೆಯ ಮೇಲೆ ‘ಮ್ವಾನ’ ಎಂದು ಬರೆದೆ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಇದಕ್ಕೆ ಮಗ ಅಥವಾ ಮಗಳು ಎಂಬ ಅರ್ಥವಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಅಕ್ಕೋರೆ, ಅದು ನಮ್ಮ ಮಾನವನೇ ಅಲ್ದಾ? ಮ್ವಾನ, ಮಾನವ.”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಭೇಷ್, ತುಂಬಾ ಒಳ್ಳೆಯ ಉತ್ತರ” ಎಂದೆ. ‘ಮ್ವಾನ’ದ ಮುಂದೆ ಸಮಚಿಹ್ನೆ ಹಾಕಿ ‘ಮಾನವ’ ಎಂದು ಬರೆದೆ. ತರಗತಿಯಲ್ಲಿ ಸಂತೋಷದ ಗುಜುಗುಜು ಎದ್ದಿತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವೀಕ್ಷಕರು ನನ್ನ ವೀಕ್ಷಣಾ ಪುಸ್ತಕದಲ್ಲಿ ‘ಪುನರ್ಬಲನ ಉತ್ತಮ, ಭಾಷಾ ವಿಷಯದೊಂದಿಗೆ ಸಹಸಂಬಂಧ ಉತ್ತಮ’ ಎಂದು ಬರೆದು ಸಹಿ ಹಾಕಿದರು. ಆ ಹದಿನೈದು ದಿನಗಳಲ್ಲಿ ನನಗೆ ಸಿಕ್ಕ ಅತ್ಯುತ್ತಮ ಷರಾ ಅದೇ.

ಆದರೆ ಆ ಸಮಚಿಹ್ನೆ ತಪ್ಪಾಗಿತ್ತು. ಮ್ವಾನಕ್ಕೂ ಮಾನವನಿಗೂ ಯಾವ ಸಂಬಂಧವೂ ಇಲ್ಲ. ಆ ತಪ್ಪು ಯಾಕಾಯಿತು, ಅದನ್ನು ಹೇಗೆ ತಿದ್ದಿದೆ, ಅದರಿಂದ ನಮ್ಮ ಅಭ್ಯಾಸ ಬೋಧನೆಯ ಪದ್ಧತಿಯ ಬಗ್ಗೆ ನನಗೆ ಏನನ್ನಿಸಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಪದವನ್ನು ಆರಿಸಿದ್ದು ಯಾಕೆ

ನಾನು ಜೀವಶಾಸ್ತ್ರ ಓದಿದವಳು. ಎನ್‌ಸಿಇಆರ್‌ಟಿ ಪಠ್ಯ ಪರಿಷ್ಕರಣೆಯ ನಂತರ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯ ಬರೀ ‘ಅನುವಂಶೀಯತೆ’ ಆಗಿದೆ. ವಿಕಾಸದ ಭಾಗವನ್ನು ಪೂರಕ ಪಾಠವಾಗಿ ಒಂದು ಅವಧಿ ಮಾಡುತ್ತೇನೆಂದು ಕೇಳಿದಾಗ ಶಾಲೆಯ ವಿಜ್ಞಾನ ಶಿಕ್ಷಕರು ಒಪ್ಪಿದರು. ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ ಇವುಗಳ ಒಳಗಿನ ಮೂಳೆಗಳ ಜೋಡಣೆ ಒಂದೇ ಎಂದು ಚಿತ್ರ ತೋರಿಸಿ, ಒಂದೇ ಪೂರ್ವಜನಿಂದ ಬಂದ ರಚನಾನುರೂಪಿ ಅಂಗಗಳು ಅಂದರೇನು ಎಂದು ತಿಳಿಸುವುದು ನನ್ನ ಉದ್ದೇಶ. ಮಕ್ಕಳು ತಿಮಿಂಗಿಲವನ್ನು ನೋಡಿಲ್ಲ, ಬಾವಲಿಯ ಮೂಳೆಯನ್ನೂ ನೋಡಿಲ್ಲ. ಆದರೆ ಎಲ್ಲರಿಗೂ ಭಾಷೆ ಇದೆ, ಮನೆಯವರನ್ನು ಕರೆಯುವ ಪದಗಳಿವೆ. ಪದಗಳಿಗೂ ವಂಶವಿದೆ ಎಂದು ತೋರಿಸಿದರೆ ಮೂಳೆಗಳ ವಂಶ ಅರ್ಥವಾಗುತ್ತದೆ ಎಂದುಕೊಂಡು, ಗ್ರಂಥಾಲಯದ ಭಾಷಾವಿಜ್ಞಾನದ ಪುಸ್ತಕವೊಂದರಲ್ಲಿ ಓದಿದ್ದ ಈ ಪದವನ್ನು ಪೀಠಿಕೆಗೆ ಇಟ್ಟುಕೊಂಡೆ.

ಪದದ ಆಯ್ಕೆ ತಪ್ಪಾಗಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಕ್ಯಾಮರೂನಿನಿಂದ ಕೀನ್ಯಾದವರೆಗೆ, ಅಲ್ಲಿಂದ ಕೆಳಗೆ ದಕ್ಷಿಣ ಆಫ್ರಿಕಾದವರೆಗೆ ಹರಡಿರುವ ಸುಮಾರು 500 ಭಾಷೆಗಳ ಕುಟುಂಬವನ್ನು ಬಾಂಟು ಭಾಷೆಗಳು ಎನ್ನುತ್ತಾರೆ. ಮೂವತ್ತು ಕೋಟಿಗೂ ಹೆಚ್ಚು ಜನ ಈ ಭಾಷೆಗಳನ್ನಾಡುತ್ತಾರೆ. ಇವುಗಳ ಮೂಲ ಇಂದಿನ ನೈಜೀರಿಯ ಮತ್ತು ಕ್ಯಾಮರೂನ್ ಗಡಿಯ ಸುತ್ತಮುತ್ತ ಇತ್ತೆಂದೂ, ಸುಮಾರು ನಾಲ್ಕೈದು ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಜನ ಮೆಲ್ಲಮೆಲ್ಲನೆ ಪೂರ್ವಕ್ಕೂ ದಕ್ಷಿಣಕ್ಕೂ ಹರಡಿದರೆಂದೂ ವಿದ್ವಾಂಸರು ಹೇಳುತ್ತಾರೆ. ಇಷ್ಟು ದೂರ, ಇಷ್ಟು ಕಾಲ ಕಳೆದರೂ ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನು ಹೆಸರಿಸುವ ಪದವನ್ನು ಹಲವು ಭಾಷೆಗಳು ಕೈಬಿಟ್ಟಿಲ್ಲ. ಏಕವಚನ ಮತ್ತು ಬಹುವಚನ ಹೀಗಿವೆ:

ಸ್ವಾಹಿಲಿ (ಕೀನ್ಯಾ, ಟಾಂಜಾನಿಯ): ಮ್ವಾನ – ವಾನ
ಲುಗಾಂಡ (ಉಗಾಂಡ): ಓಮ್ವಾನ – ಅಬಾನ
ಕಿನ್ಯಾರ್ವಾಂಡ (ರ್ವಾಂಡ): ಉಮ್ವಾನ – ಅಬಾನ
ಲಿಂಗಾಲ (ಕಾಂಗೋ): ಮ್ವಾನ – ಬಾನ
ಶೋನಾ (ಜಿಂಬಾಬ್ವೆ): ಮ್ವಾನ – ವಾನ
ಚಿಚೇವ (ಮಲಾವಿ): ಮ್ವಾನ – ಆನ
ಸೆಟ್ಸ್ವಾನ (ಬೋಟ್ಸ್ವಾನ): ಙ್ವಾನ – ಬಾನ

ಕೊನೆಯ ಸಾಲನ್ನು ಬರೆಯಲು ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ‘ಙ’ ಅಕ್ಷರ ಬೇಕಾಯಿತು.

ಈ ಪದಕ್ಕೆ ಇನ್ನೂ ಕೆಲವು ಸೊಗಸುಗಳಿವೆ. ಸ್ವಾಹಿಲಿಯಲ್ಲಿ ದಿನಬಳಕೆಯಲ್ಲಿ ‘ಮಗು’ ಎನ್ನಲು ‘ಮ್ಟೋಟೋ’ ಎಂಬ ಬೇರೆ ಪದವಿದೆ. ‘ಮ್ವಾನ’ ಹೆಚ್ಚಾಗಿ ಇಂಥವರ ಮಗ, ಇಂಥವರ ಮಗಳು ಎನ್ನುವಾಗ ಬರುತ್ತದೆ. ಅದರ ಜೊತೆಗೆ ಸಮಾಸಗಳಲ್ಲಿ ಹೇರಳವಾಗಿ ಬರುತ್ತದೆ. ನಾಡಿನ ಪ್ರಜೆ ‘ಮ್ವಾನಂಚಿ’, ಅಂದರೆ ನಾಡಿನ ಮಗು. ವಿಜ್ಞಾನಿ ‘ಮ್ವಾನಸಯಾನ್ಸಿ’, ಅಂದರೆ ವಿಜ್ಞಾನದ ಮಗು. ವಿದ್ಯಾರ್ಥಿ ‘ಮ್ವಾನಫುಂಜಿ’, ಅಂದರೆ ಕಲಿಕೆಯ ಮಗು. ದಕ್ಷಿಣದ ಜುಲು ಭಾಷೆಗೆ ಬಂದರೆ ಇದೇ ‘ಆನ’ ಪದದ ಕೊನೆಗೆ ಅಂಟಿಕೊಂಡು ‘ಚಿಕ್ಕದು’ ಎಂಬ ಅರ್ಥ ಕೊಡುತ್ತದೆ: ‘ಇಂಡ್ಲು’ ಎಂದರೆ ಮನೆ, ‘ಇಂಡ್ಲ್ವಾನ’ ಎಂದರೆ ಪುಟ್ಟ ಮನೆ. ನಾವು ಮರಿ ಎಂಬ ಪದವನ್ನು ಪ್ರಾಣಿಯ ಮಗುವಿಗೂ ಹೇಳಿ, ‘ಮರಿಸೈನ್ಯ’ ಎಂದು ಚಿಕ್ಕದಕ್ಕೂ ಬಳಸುವ ಹಾಗೆ.

ಸಮಚಿಹ್ನೆ ಯಾಕೆ ತಪ್ಪು

ಅಂದು ಸಂಜೆ ಹಾಸ್ಟೆಲಿನಲ್ಲಿ ಪಾಠಯೋಜನೆಯ ಪುಸ್ತಕದಲ್ಲಿ ಸ್ವಾವಲೋಕನ ಬರೆಯಲು ಕುಳಿತಾಗ ಮೇಲಿನ ಪಟ್ಟಿಯನ್ನೇ ಮತ್ತೆ ನೋಡಿದೆ. ಉತ್ತರ ಬಹುವಚನದಲ್ಲೇ ಇತ್ತು. ಒಂದು ಮಗು ಮ್ವಾನ, ಹಲವು ಮಕ್ಕಳು ವಾನ ಅಥವಾ ಬಾನ. ‘ಮ’ ಪದದ ಭಾಗವಲ್ಲ, ಅದು ಏಕವಚನದ ಮನುಷ್ಯರಿಗೆ ಮುಂದೆ ಹಚ್ಚುವ ಪ್ರತ್ಯಯ. ಬಹುವಚನದಲ್ಲಿ ಅದನ್ನು ತೆಗೆದು ‘ಬ’ ಅಥವಾ ‘ವ’ ಹಚ್ಚುತ್ತಾರೆ. ಎರಡನ್ನೂ ಕಳೆದರೆ ಉಳಿಯುವ ಧಾತು ‘ಆನ’ ಮಾತ್ರ. ಮಾನವ ಸಂಸ್ಕೃತದ ಪದ, ‘ಮನುವಿನ ಸಂತತಿಯವನು’ ಎಂದು ಅದರ ಅರ್ಥ. ಅಲ್ಲಿ ‘ಮ’ ಧಾತುವಿನಲ್ಲೇ ಇದೆ, ಅದನ್ನು ತೆಗೆದರೆ ಪದವೇ ಇಲ್ಲ. ಹುಡುಗಿ ಹೋಲಿಸಿದ್ದು ಒಂದು ಪದದ ಅಂಗಿಯನ್ನು ಇನ್ನೊಂದು ಪದದ ಮೈಯ ಜೊತೆ. ಅವಳಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಪಟ್ಟಿ ಇದ್ದದ್ದು ನನ್ನ ಕೈಯಲ್ಲಿ.

ಇನ್ನೂ ಓದಿದಾಗ ಬಹುವಚನದ ಪರೀಕ್ಷೆಯೊಂದೇ ಸಾಲದು ಎಂಬುದೂ ತಿಳಿಯಿತು. ಸ್ವಾಹಿಲಿಯಲ್ಲಿ ಶಿಕ್ಷಕನಿಗೆ ‘ಮ್ವಾಲಿಮು’ ಎನ್ನುತ್ತಾರೆ. ಟಾಂಜಾನಿಯದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಶಾಲಾ ಶಿಕ್ಷಕರಾಗಿದ್ದವರು, ಜನ ಅವರನ್ನು ಕೊನೆಯವರೆಗೂ ಮ್ವಾಲಿಮು ಎಂದೇ ಕರೆದರು. ಇದರ ಬಹುವಚನ ‘ವಾಲಿಮು’. ಇಲ್ಲೂ ‘ಮ’ ಬಿದ್ದುಹೋಯಿತು. ಆದರೆ ಇದು ಬಾಂಟು ಪದವಲ್ಲ, ಅರಬ್ಬಿಯ ‘ಮುಅಲ್ಲಿಮ್’. ಕಡಲ ವ್ಯಾಪಾರದ ಜೊತೆ ಬಂದ ಪದ ಅಲ್ಲಿನ ವ್ಯಾಕರಣವನ್ನೇ ಒಪ್ಪಿಕೊಂಡಿತು. ನಮಗೂ ಪರಿಚಯವಿರುವ ಕಿತಾಬು ಅಲ್ಲಿ ‘ಕಿಟಾಬು’ ಆಗಿ, ಬಹುವಚನದಲ್ಲಿ ‘ವಿಟಾಬು’ ಆಗಿದೆ. ಆದ್ದರಿಂದ ಒಂದು ಭಾಷೆಯೊಳಗಿನ ನಡವಳಿಕೆ ನೋಡಿ ವಂಶವನ್ನು ಹೇಳುವಂತಿಲ್ಲ. ಅಕ್ಕತಂಗಿ ಭಾಷೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದರ ಧ್ವನಿಗೆ ಇನ್ನೊಂದರ ಧ್ವನಿ ಕ್ರಮವಾಗಿ ಹೊಂದುತ್ತದೆಯೇ ಎಂದು ನೋಡಬೇಕು.

ಸ್ವಾಹಿಲಿಯ ಮ್ವಾನ ಸೆಟ್ಸ್ವಾನದಲ್ಲಿ ಙ್ವಾನ ಎಂದೆನಲ್ಲ. ಈ ಒಂದೇ ಜೋಡಿಯಾದರೆ ಕಾಕತಾಳೀಯ ಎನ್ನಬಹುದು. ಆದರೆ ಸ್ವಾಹಿಲಿಯಲ್ಲಿ ವರ್ಷ ‘ಮ್ವಾಕ’, ಸೆಟ್ಸ್ವಾನದಲ್ಲಿ ‘ಙ್ವಾಗ’. ಚಂದ್ರ ಅಲ್ಲಿ ‘ಮ್ವೇಜಿ’, ಇಲ್ಲಿ ‘ಙ್ವೇದಿ’. ಅಲ್ಲಿ ‘ಮ್ವ’ ಇದ್ದಲ್ಲಿ ಇಲ್ಲಿ ‘ಙ್ವ’ ಬರುತ್ತದೆ. ಮಗು, ವರ್ಷ, ಚಂದ್ರ ಈ ಮೂರಕ್ಕೂ ಅರ್ಥದಲ್ಲಿ ನಂಟಿಲ್ಲ. ಆದರೂ ಮೂರೂ ಒಂದೇ ನಿಯಮ ಪಾಲಿಸುತ್ತವೆ. ವಂಶಕ್ಕೆ ಸಾಕ್ಷಿ ಎಂದರೆ ಇದು. ಜರ್ಮನಿಯ ಕಾರ್ಲ್ ಮೈನ್‌ಹೋಫ್ 1899ರಲ್ಲಿ ಬಾಂಟು ಭಾಷೆಗಳ ಧ್ವನಿಗಳನ್ನು ಹೀಗೆ ಸಾಲಾಗಿಟ್ಟು ನೋಡಿದ ಪುಸ್ತಕ ಪ್ರಕಟಿಸಿದರು. ಮೊದಲ ನೋಟಕ್ಕೆ ಮ್ವಾನ ಮತ್ತು ಮಾನವ ಹೆಚ್ಚು ಹತ್ತಿರ ಕಾಣುತ್ತವೆ, ಮ್ವಾಕ ಮತ್ತು ಙ್ವಾಗ ದೂರ ಕಾಣುತ್ತವೆ. ನಿಜ ಅದಕ್ಕೆ ತದ್ವಿರುದ್ಧ.

ಹೋಲಿಕೆಗೆ ಬೇರೆ ಕಾರಣಗಳೂ ಇರುತ್ತವೆ. ಸ್ವಾಹಿಲಿಯಲ್ಲಿ ತಾಯಿ ‘ಮಾಮ’, ತಂದೆ ‘ಬಾಬ’. ನಮ್ಮ ಅಮ್ಮ, ಅಪ್ಪನ ಹಾಗೆಯೇ ತುಟಿಯಲ್ಲಿ ಹುಟ್ಟುವ ಧ್ವನಿಗಳು. ಕೂಸುಗಳ ಬಾಯಲ್ಲಿ ಮೊದಲು ಹೊರಡುವ ಧ್ವನಿಗಳು ಇವೇ ಆದ್ದರಿಂದ ಜಗತ್ತಿನ ಎಷ್ಟೋ ಭಾಷೆಗಳಲ್ಲಿ ತಂದೆತಾಯಿಯರ ಪದಗಳು ಹೀಗಿವೆ ಎಂದು ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್ ವಿವರಿಸಿದ್ದಾರೆ. ಜಾರ್ಜಿಯನ್ ಭಾಷೆಯಲ್ಲಂತೂ ‘ಮಾಮ’ ಎಂದರೆ ತಂದೆ!

ಇನ್ನೊಂದು ಬಗೆಯದು ‘ಮಾಲುಮೆ’. ಜುಲು, ಸೋಂಗ, ಚಿಚೇವ ಮುಂತಾದ ಭಾಷೆಗಳಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ಈ ಪದವಿದೆ, ಸೆಟ್ಸ್ವಾನದಲ್ಲಿ ‘ಮಾಲೊಮೆ’. ‘ಮಾ’ ಎಂದರೆ ತಾಯಿ, ‘ಲುಮೆ’ ಎಂದರೆ ಗಂಡು. ಸೋದರಮಾವ ಅಲ್ಲಿ ‘ಗಂಡು ತಾಯಿ’. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1924ರಲ್ಲಿ ಬರೆದ ಪ್ರಸಿದ್ಧ ಪ್ರಬಂಧ ಈ ಸಂಬಂಧದ ಕುರಿತಾದದ್ದೇ. ಬೋಟ್ಸ್ವಾನದಲ್ಲಿ ಮದುವೆ ಮಾತುಕತೆಗೆ ಮಾಲೊಮೆ ಬೇಕೇ ಬೇಕು. ನಮ್ಮಲ್ಲೂ ಧಾರೆಯ ಹೊತ್ತಿಗೆ ಸೋದರಮಾವನನ್ನು ಹುಡುಕುತ್ತೇವೆ. ಅಪ್ಪನ ತಮ್ಮ ಚಿಕ್ಕಪ್ಪ, ಅಮ್ಮನ ತಮ್ಮ ಮಾವ ಎಂದು ಬೇರ್ಪಡಿಸುವುದೂ ಎರಡೂ ಕಡೆ ಇದೆ. ಆದರೆ ಇದು ವಂಶದಿಂದ ಬಂದ ಹೋಲಿಕೆಯಲ್ಲ. ಹಕ್ಕಿಯ ರೆಕ್ಕೆ ಮತ್ತು ಚಿಟ್ಟೆಯ ರೆಕ್ಕೆಯ ಹಾಗೆ ಕೆಲಸ ಒಂದೇ, ಮೂಲ ಬೇರೆ. ನಮ್ಮ ಪಠ್ಯದ ಭಾಷೆಯಲ್ಲಿ ಕಾರ್ಯಾನುರೂಪಿ. ನಾನು ಕಲಿಸಲು ಹೊರಟಿದ್ದ ವ್ಯತ್ಯಾಸವೇ ಇದು. ಅದನ್ನೇ ನಾನು ಕಪ್ಪುಹಲಗೆಯ ಮೇಲೆ ಅಳಿಸಿಹಾಕಿದ್ದೆ.

ತಿರುಗಿದ ತಲೆಗಳು

ಆ ಅವಧಿಯಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಅದು ವೀಕ್ಷಣಾ ಪುಸ್ತಕದಲ್ಲಿ ಇಲ್ಲ. ನಾನು ‘ಆಫ್ರಿಕಾ’ ಎಂದ ಕೂಡಲೇ ಹತ್ತಿಪ್ಪತ್ತು ತಲೆಗಳು ಕಿಟಕಿಯ ಪಕ್ಕದ ಬೆಂಚಿನ ಕಡೆ ತಿರುಗಿದವು. ಅಲ್ಲಿ ಸಿದ್ದಿ ಸಮುದಾಯದ ಒಬ್ಬ ಹುಡುಗ ಕುಳಿತಿದ್ದ. ಯಾರೋ “ನಿನ್ ಭಾಷೆನಾ?” ಎಂದರು, ಕೆಲವರು ನಕ್ಕರು. ಅವನು ಪುಸ್ತಕ ತೆರೆದು ತಲೆ ತಗ್ಗಿಸಿದ. ನಾನು “ಸದ್ದು, ಸದ್ದು” ಎಂದು ಮುಂದೆ ಹೋದೆ. ನನಗೆ ಪಾಠ ನಲವತ್ತು ನಿಮಿಷದೊಳಗೆ ಮುಗಿಯಬೇಕಿತ್ತು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಅಭ್ಯಾಸ ಬೋಧನೆಗೆ ಹೋಗುವ ನಮಗೆ ಸಿದ್ದಿ ಮಕ್ಕಳು ಹೊಸಬರಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಊರುಗಳಲ್ಲಿ ಅವರು ತಲೆತಲಾಂತರದಿಂದ ಇದ್ದಾರೆ. ಅವರ ಹಿರಿಯರಲ್ಲಿ ಅನೇಕರನ್ನು ಆಫ್ರಿಕಾದ ಪೂರ್ವ ಕರಾವಳಿಯಿಂದ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಆ ಕರಾವಳಿ ಬಾಂಟು ಭಾಷೆಗಳ ನಾಡು. ಹಾಗೆ ನೋಡಿದರೆ ಆ ಹುಡುಗನ ಯಾವುದೋ ಅಜ್ಜಿ ಮುತ್ತಜ್ಜಿ ತನ್ನ ಕೂಸನ್ನು ಮ್ವಾನ ಎಂದು ಕರೆದಿರಬಹುದು. ಆದರೆ ಅವನ ಮನೆಯ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ಸ್ವಾಹಿಲಿ ಅವನಿಗೂ ನನ್ನಷ್ಟೇ ಪರಕೀಯ. ಬಣ್ಣ ನೋಡಿ ಅವನಿಗೆ ಒಂದು ಭಾಷೆಯನ್ನು ಅಂಟಿಸಿದ ತರಗತಿಯೂ, ಸದ್ದು ನೋಡಿ ಎರಡು ಪದಗಳನ್ನು ಅಂಟಿಸಿದ ನಾನೂ ಮಾಡಿದ್ದು ಒಂದೇ ಜಾತಿಯ ತಪ್ಪು. ಹೊರಗಿನ ಹೋಲಿಕೆ ಕಂಡು ಒಳಗಿನ ಸಂಬಂಧವನ್ನು ತೀರ್ಮಾನಿಸಿಬಿಟ್ಟೆವು. ನನ್ನ ತಪ್ಪಿನಿಂದ ಕಪ್ಪುಹಲಗೆ ಕೆಟ್ಟಿತು, ಅದನ್ನು ಒರೆಸಬಹುದು. ತರಗತಿಯ ತಪ್ಪಿನಿಂದ ಒಬ್ಬ ಹುಡುಗನಿಗೆ ನೋವಾಯಿತು, ಅದಕ್ಕೆ ದಾರಿ ಮಾಡಿಕೊಟ್ಟವಳು ನಾನೇ.

ಎರಡನೆಯ ಅವಧಿ

ಎರಡು ದಿನ ಬಿಟ್ಟು ವಿಜ್ಞಾನ ಶಿಕ್ಷಕರನ್ನು ಇನ್ನೊಂದು ಅವಧಿ ಕೇಳಿದೆ. “ಆ ಪಾಠ ಮುಗಿಯಿತಲ್ಲಮ್ಮ, ಚೆನ್ನಾಗೇ ಆಯಿತಲ್ಲ” ಎಂದರು. ತಪ್ಪು ಹೇಳಿದ್ದೇನೆ ಸರ್ ಎಂದೆ. ಅವರು ಒಂದು ಕ್ಷಣ ನೋಡಿ, ತಮ್ಮದೇ ಅವಧಿ ಕೊಟ್ಟರು.

ಈ ಸಲ ಆಫ್ರಿಕಾದಿಂದ ಆರಂಭಿಸಲಿಲ್ಲ. “ಹಾಲಿಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ?” ಎಂದು ಕೇಳಿ ಬಂದದ್ದನ್ನೆಲ್ಲ ಬರೆದೆ. ಕನ್ನಡ ಹಾಲು, ಹಳಗನ್ನಡ ಪಾಲ್, ತಮಿಳಿನ ಪಾಲ್. ಹುಲಿ, ಪುಲಿ, ತಮಿಳಿನಲ್ಲೂ ಪುಲಿ, ತುಳುವಿನಲ್ಲಿ ಪಿಲಿ. ಹಲ್ಲು, ಪಲ್. ಕನ್ನಡದ ‘ಹ’ ಇದ್ದಲ್ಲಿ ಅಲ್ಲಿ ‘ಪ’ ಎಂದು ಮಕ್ಕಳೇ ಕಂಡುಹಿಡಿದರು. “ಹಾಗಾದರೆ ಹತ್ತಕ್ಕೆ ತಮಿಳಿನಲ್ಲಿ ಏನಿರಬಹುದು?” ಎಂದೆ. ತಮಿಳು ಬಾರದ ಮಕ್ಕಳು ‘ಪತ್ತು’ ಎಂದು ಕೂಗಿದರು. ಸರಿಯೆಂದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಕಿಟಕಿಯ ಪಕ್ಕದ ಹುಡುಗ ತಾನಾಗಿ ಕೈ ಎತ್ತಿ “ನಮ್ಮಲ್ಲಿ ಹಾಲಿಗೆ ದೂದ್ ಅಂತೇವೆ” ಎಂದ. ಅದು ಈ ಸಾಲಿಗೆ ಹೊಂದುವುದಿಲ್ಲ, ಮರಾಠಿ ಹಿಂದಿಗಳ ಸಾಲಿಗೆ ಹೊಂದುತ್ತದೆ ಎಂದು ಎರಡನೆಯ ಪಟ್ಟಿ ಆರಂಭಿಸಿದೆವು. ಒಂದೇ ತರಗತಿಯಲ್ಲಿ ಎರಡು ಭಾಷಾಕುಟುಂಬಗಳಿವೆ ಎಂಬುದು ಅವನ ಮಾತಿನಿಂದ ಹೊರಬಂತು.

ಆಮೇಲೆ ಮ್ವಾನದ ಪಟ್ಟಿ ಬರೆದೆ. “ಮೊನ್ನೆ ನಾನು ಮಾನವ ಸರಿ ಎಂದೆ. ಅದು ತಪ್ಪು. ತಪ್ಪು ಎಂದು ಈ ಪಟ್ಟಿಯಿಂದಲೇ ತೋರಿಸಿ ನೋಡೋಣ” ಎಂದೆ. ನಾಲ್ಕೈದು ನಿಮಿಷ ಹಿಡಿಯಿತು. ಉತ್ತರ ಹೇಳಿದವಳು ಮೊದಲ ದಿನ ಮಾನವ ಎಂದ ಹುಡುಗಿಯೇ: “ಮಕ್ಕಳು ಜಾಸ್ತಿ ಆದ್ರೆ ಮ ಹೋಗ್ತದೆ ಅಕ್ಕೋರೆ.” ನಂತರ ‘ಜನರು’ ಎಂಬ ಪದವನ್ನು ಕೊಟ್ಟೆ: ಲಿಂಗಾಲದಲ್ಲಿ ‘ಬಾಟೊ’, ಸೆಟ್ಸ್ವಾನದಲ್ಲಿ ‘ಬಾಥೊ’. ಸ್ವಾಹಿಲಿಯಲ್ಲಿ ‘_ಟು’ ಎಂದು ಮೊದಲ ಅಕ್ಷರದ ಜಾಗ ಖಾಲಿ ಬಿಟ್ಟೆ. ಬಾನ ಅಲ್ಲಿ ವಾನ ಆಗಿದೆಯಲ್ಲ ಎಂದು ನೋಡಿ ‘ವಾ’ ಎಂದರು. ಸ್ವಾಹಿಲಿಯಲ್ಲಿ ಜನರು ‘ವಾಟು’ವೇ. ನಿಯಮ ತಿಳಿದು, ಕಾಣದ್ದನ್ನು ಮುಂದಾಗಿ ಹೇಳಿ, ಪರೀಕ್ಷಿಸಿ ನೋಡುವುದಕ್ಕಿಂತ ಬೇರೆ ವಿಜ್ಞಾನ ಯಾವುದು?

ಒಬ್ಬ “ಹಂಗಾರೆ ಸಿಂಬಾ ಅಂದ್ರೆ ಸಿಂಹ ಅಲ್ವಾ?” ಎಂದು ಸಿನಿಮಾ ನೆನಪಿಸಿದ. ನಾನು ಹೌದು, ಅಲ್ಲ ಎರಡನ್ನೂ ಹೇಳಲಿಲ್ಲ. “ಹೇಗೆ ನೋಡುವುದು?” ಎಂದೆ. “ಅದರ ತಂಗಿ ಭಾಷೆಯಲ್ಲಿ ಇದೆಯಾ ನೋಡ್ಬೇಕು” ಎಂದ. ಸ್ವಾಹಿಲಿಯಿಂದ ಬಹುದೂರದ ಜುಲುವಿನಲ್ಲಿ ‘ಇನ್ಸಿಂಬ’ ಎಂಬ ಪದವಿದೆ, ಪುನುಗಿನಂಥ ಕಾಡುಪ್ರಾಣಿಗೆ ಹೇಳುತ್ತಾರೆ. ಆದ್ದರಿಂದ ಅದು ಆ ಕುಟುಂಬದ ಹಳೆಯ ಪದವೇ ಎನ್ನುತ್ತಾರೆ ಎಂದೆ. ಅವನಿಗೆ ಸ್ವಲ್ಪ ನಿರಾಸೆಯಾಯಿತು. ಆದರೆ ಪ್ರಶ್ನೆ ಕೇಳುವ ರೀತಿ ಬದಲಾಗಿತ್ತು.

ಅವಧಿಯ ಕೊನೆಗೆ ಅನುವಂಶೀಯತೆಗೆ ಮರಳಿದೆ. ಕಣ್ಣಿನ ಬಣ್ಣ, ಕೂದಲಿನ ಗುಂಗುರು ಜೀನುಗಳ ಮೂಲಕ ಬರುತ್ತವೆ. ಭಾಷೆ ಹಾಗೆ ಬರುವುದಿಲ್ಲ. ಸುತ್ತ ಕೇಳಿದ ಮಾತು ನಮ್ಮ ಭಾಷೆ. ಕನ್ನಡದ ಮನೆಯ ಕೂಸು ನೈರೋಬಿಯಲ್ಲಿ ಬೆಳೆದರೆ ಸ್ವಾಹಿಲಿ ಮಾತಾಡುತ್ತದೆ. ಪದಗಳ ವಂಶವೇ ಬೇರೆ, ಮನುಷ್ಯರ ವಂಶವೇ ಬೇರೆ, ಒಂದನ್ನು ನೋಡಿ ಇನ್ನೊಂದನ್ನು ಹೇಳಬಾರದು ಎಂದೆ. ಯಾರ ಕಡೆಗೂ ನೋಡದೆ ಹೇಳಿದೆ. ಆ ದಿನ ತಲೆಗಳು ತಿರುಗಲಿಲ್ಲ.

‘ಬಾಂಟು’ ಎಂಬ ಹೆಸರಿನ ಬಗ್ಗೆ

ಈ ಉದಾಹರಣೆಯನ್ನು ಬಳಸಲು ಬಯಸುವ ಸಹಪಾಠಿಗಳು ಒಂದು ಎಚ್ಚರಿಕೆ ವಹಿಸಬೇಕು. ‘ಬಾಂಟು’ ಎಂದರೆ ಆ ಭಾಷೆಗಳಲ್ಲಿ ‘ಜನರು’ ಎಂದೇ ಅರ್ಥ; 1862ರಲ್ಲಿ ವಿಲ್ಹೆಲ್ಮ್ ಬ್ಲೀಕ್ ಅದನ್ನು ಭಾಷಾಕುಟುಂಬದ ಹೆಸರಾಗಿ ಬಳಸಿದರು. ಆಮೇಲೆ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರ ಕಪ್ಪು ಜನರನ್ನೆಲ್ಲ ಆ ಹೆಸರಿನಿಂದ ಕರೆದು, 1953ರಲ್ಲಿ ‘ಬಾಂಟು ಶಿಕ್ಷಣ ಕಾಯ್ದೆ’ ತಂದಿತು. ಕಪ್ಪು ಮಕ್ಕಳು ಕೂಲಿ ಕೆಲಸದಾಚೆಗೆ ಏರದಂತೆ ನೋಡಿಕೊಳ್ಳುವ, ಬೇಕೆಂದೇ ಕೀಳಾಗಿಸಿದ ಶಿಕ್ಷಣ ಅದು. ಅದರ ಮೇಲೆ ಆಫ್ರಿಕಾನ್ಸ್ ಮಾಧ್ಯಮವನ್ನೂ ಹೇರಿದಾಗ 1976ರ ಜೂನ್ 16ರಂದು ಸೊವೆಟೋದ ಶಾಲಾಮಕ್ಕಳು ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. ಆ ದಿನವನ್ನು 1991ರಿಂದ ಆಫ್ರಿಕಾದ ಮಗುವಿನ ದಿನವೆಂದು ಆಚರಿಸುತ್ತಾರೆ. ಆದ್ದರಿಂದ ಬಾಂಟು ಎಂಬುದನ್ನು ಭಾಷೆಗಳಿಗೆ ಮಾತ್ರ ಹೇಳಬೇಕು. ‘ಬಾಂಟು ಜನಾಂಗ’ ಎಂದು ನಮ್ಮ ಹಳೆಯ ಭೂಗೋಳದ ಟಿಪ್ಪಣಿಗಳಲ್ಲಿ ಇದ್ದರೂ ತರಗತಿಯಲ್ಲಿ ಹೇಳದಿರುವುದು ಒಳ್ಳೆಯದು.

ನನ್ನ ಅಭಿಪ್ರಾಯ

ಇಷ್ಟು ಬರೆದದ್ದು ನಮ್ಮ ವೀಕ್ಷಣಾ ನಮೂನೆಯ ಬಗ್ಗೆ ಒಂದು ಮಾತು ಹೇಳುವುದಕ್ಕಾಗಿ. ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲವನ್ನು ಅಭ್ಯಾಸ ಮಾಡಿಸುವಾಗ, ವಿದ್ಯಾರ್ಥಿ ಉತ್ತರಿಸಿದ ಕೂಡಲೇ ‘ಸರಿ’, ‘ಭೇಷ್’ ಎನ್ನಬೇಕೆಂದು ಎಣಿಸಿ ಎಣಿಸಿ ಕಲಿಸುತ್ತಾರೆ. ಅದು ಒಳ್ಳೆಯದೇ. ಆದರೆ ‘ನೋಡೋಣ, ಪರೀಕ್ಷಿಸೋಣ’ ಎನ್ನುವುದಕ್ಕೆ ನಮೂನೆಯಲ್ಲಿ ಕಲಂ ಇಲ್ಲ. ನನ್ನ ಮೊದಲ ಪಾಠಕ್ಕೆ ಅಂಕ ಬಂತು. ಎರಡನೆಯ ಪಾಠ ಲೆಕ್ಕಕ್ಕೇ ಬರಲಿಲ್ಲ, ಏಕೆಂದರೆ ಅದೇ ಘಟಕವನ್ನು ಎರಡು ಬಾರಿ ತೋರಿಸುವಂತಿಲ್ಲ. ನನ್ನ ಇಪ್ಪತ್ತು ಪಾಠಗಳಲ್ಲಿ ಪಾಠವೆನ್ನಬಹುದಾದದ್ದು ಆ ಲೆಕ್ಕಕ್ಕೆ ಸಿಗದ ಒಂದೇ ಎಂದು ನನಗನ್ನಿಸುತ್ತದೆ.

ಮೂರು ಸಲಹೆಗಳಿವೆ. ಒಂದು, ಪಠ್ಯಪುಸ್ತಕದಾಚೆಯ ಉದಾಹರಣೆ ಬಳಸಿದಾಗ ಪಾಠಯೋಜನೆಯಲ್ಲಿ ‘ಇದು ನಿಜವೆಂದು ತಿಳಿದದ್ದು ಹೇಗೆ?’ ಎಂಬ ಒಂದು ಸಾಲನ್ನು ಕಡ್ಡಾಯ ಮಾಡಬೇಕು. ಎರಡು, ತನ್ನ ತಪ್ಪನ್ನು ತರಗತಿಯಲ್ಲಿ ತಿದ್ದಿದ ಅವಧಿಯನ್ನು ಪೂರ್ಣ ಪಾಠವಾಗಿ ಪರಿಗಣಿಸಬೇಕು, ಬೇಕಾದರೆ ಪ್ರತಿ ಪ್ರಶಿಕ್ಷಣಾರ್ಥಿಗೆ ಒಂದೇ ಬಾರಿ. ಮೂರು, ‘ಈ ಉದಾಹರಣೆ ಕೇಳಿದಾಗ ತರಗತಿಯ ಕಣ್ಣು ಯಾರ ಮೇಲೆ ಬೀಳಬಹುದು?’ ಎಂಬುದನ್ನು ಪಾಠಯೋಜನೆ ಚರ್ಚೆಯಲ್ಲಿ ಮಾರ್ಗದರ್ಶಕರು ಕೇಳಬೇಕು. ಸಿದ್ದಿ ಹುಡುಗನ ವಿಷಯದಲ್ಲಿ ಮಾತ್ರವಲ್ಲ, ರೋಗದ ಪಾಠ, ಆಹಾರದ ಪಾಠ, ಕಸುಬಿನ ಪಾಠ ಎಲ್ಲದರಲ್ಲೂ ಯಾರೋ ಒಬ್ಬರ ಕಡೆ ತಲೆಗಳು ತಿರುಗುತ್ತವೆ.

ಇದಕ್ಕೆ ಆಕ್ಷೇಪಗಳೂ ಬಂದಿವೆ. ವಿಜ್ಞಾನದವಳಿಗೆ ಭಾಷೆಯ ಉಸಾಬರಿ ಯಾಕೆ ಎಂದು ಗೆಳತಿಯೊಬ್ಬಳು ಕೇಳಿದಳು. ಸಾಕ್ಷಿ ಯಾವುದು, ಹೋಲಿಕೆ ಯಾವುದು ಎಂಬ ಪ್ರಶ್ನೆ ಮೂಳೆಗೂ ಒಂದೇ, ಪದಕ್ಕೂ ಒಂದೇ. ತರಗತಿಯ ಮುಂದೆ ತಪ್ಪೊಪ್ಪಿಕೊಂಡರೆ ಮಕ್ಕಳು ಗೌರವ ಕೊಡುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಇದು ಕಡೆಗಣಿಸುವ ಮಾತಲ್ಲ, ಹೊಸ ಶಿಕ್ಷಕರಿಗೆ ಆ ಭಯ ನಿಜ. ನನಗೂ ಆ ದಿನ ಕೈ ನಡುಗಿತ್ತು. ಆದರೆ ಅಂದು ಮಕ್ಕಳು ನನ್ನ ತಪ್ಪನ್ನು ಹುಡುಕುವಾಗ ಪಟ್ಟಿಯನ್ನು ಓದಿದಷ್ಟು ಏಕಾಗ್ರತೆಯಿಂದ ನಾನು ಬರೆದ ಬೇರೆ ಯಾವುದನ್ನೂ ಓದಿಲ್ಲ. ಸಮಯವಿಲ್ಲ ಎಂಬ ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ನನಗೆ ಅವಧಿ ಸಿಕ್ಕಿದ್ದು ಒಬ್ಬ ಹಿರಿಯ ಶಿಕ್ಷಕರ ಔದಾರ್ಯದಿಂದ. ಅದು ಔದಾರ್ಯವನ್ನು ನಂಬಿಕೊಂಡಿರಬಾರದು ಎಂದೇ ಎರಡನೆಯ ಸಲಹೆ.

ಸ್ವಾಹಿಲಿಯಲ್ಲಿ ವಿದ್ಯಾರ್ಥಿ ಕಲಿಕೆಯ ಮಗು. ನಮ್ಮ ಸೀಮೆಯಲ್ಲಿ ಶಿಕ್ಷಕಿ ಅಕ್ಕೋರು, ಮನೆಯ ಅಕ್ಕ. ಎರಡೂ ಕಡೆ ಶಾಲೆಯ ಸಂಬಂಧಕ್ಕೆ ಮನೆಯ ಪದವನ್ನೇ ತಂದಿದ್ದಾರೆ. ಇದು ವಂಶದ ಹೋಲಿಕೆಯಲ್ಲ ಎಂದು ಈಗ ನನಗೆ ಗೊತ್ತು, ಸಮಚಿಹ್ನೆ ಹಾಕುವುದಿಲ್ಲ. ಅಭ್ಯಾಸ ಬೋಧನೆಯ ಕೊನೆಯ ದಿನ ಕಿಟಕಿಯ ಪಕ್ಕದ ಹುಡುಗ ನೋಟ್ ಪು‍ಸ್ತಕ ತಂದು ತೋರಿಸಿದ. ಮನೆಯಲ್ಲಿ ಅಜ್ಜಿಯನ್ನು ಕೇಳಿ ಕೊಂಕಣಿಯ ಇಪ್ಪತ್ತು ನೆಂಟಸ್ತಿಕೆಯ ಪದಗಳನ್ನು ಬರೆದುಕೊಂಡು ಬಂದಿದ್ದ. ಅವುಗಳ ಮುಂದೆ ಕನ್ನಡದ ಪದಗಳು. ನಡುವೆ ಯಾವ ಚಿಹ್ನೆಯನ್ನೂ ಹಾಕಿರಲಿಲ್ಲ. “ಯಾವುದು ಯಾವುದಕ್ಕೆ ಸಂಬಂಧ ಅಂತ ನೋಡ್ಬೇಕಲ್ಲ ಅಕ್ಕೋರೆ” ಎಂದ.